ಸಿಂಧುವಿನ ಪಕ್ಕ ಕೂತು ಮಾಡಿದ ಎತ್ತು

ಜೂನ್ ೨೫, ಬುಧವಾರ

ಈ ಮನೆಗೆ ಮದುವೆಯಾಗಿ ಬಂದ ಮೇಲೆ ನನ್ನ ಮೊದಲ ಮಣ್ಣೆತ್ತಿನ ಅಮಾವಾಸ್ಯೆ. ಎತ್ತು ಮಾಡಲು ಕೂರಲೋ ಬೇಡವೋ ಎಂದು ಬೆಳಗಿನಿಂದ ಅಳುಕು. ಪ್ರತಿ ವರ್ಷ ಇಲ್ಲಿ ಎತ್ತು ಮಾಡುತ್ತಿದ್ದವಳು ಇವರ ಮೊದಲ ಹೆಂಡತಿ, ಸಿಂಧುವಿನ ತಾಯಿ. ಅವಳು ತೀರಿಕೊಂಡ ಮೇಲೆ ಎರಡು ವರ್ಷ ಯಾರೂ ಮಾಡಿಲ್ಲವಂತೆ.

ಇವರು ಕೆರೆಯ ಮಣ್ಣು ತಂದಿಟ್ಟು ಕೆಲಸಕ್ಕೆ ಹೋದರು. ಸಂಜೆ ಶಾಲೆಯಿಂದ ಬಂದ ಸಿಂಧು ಬಾಗಿಲಲ್ಲೇ ನಿಂತು ನನ್ನ ಕೈ ನೋಡಿದಳು.

"ಹಂಗಲ್ಲ. ನಮ್ಮವ್ವ ಕಣ್ಣಿಗೆ ಜೋಳದ ಕಾಳು ಇಡ್ತಿದ್ಲು."

"ನಂಗೆ ಗೊತ್ತಿಲ್ಲಮ್ಮ, ನೀನೇ ತೋರಿಸು," ಎಂದೆ.

ಒಂಬತ್ತು ತಿಂಗಳಲ್ಲಿ ಮೊದಲ ಸಲ ನನ್ನ ಪಕ್ಕ ಕೂತಳು. ಎತ್ತಿನ ಬೆನ್ನು ತಿದ್ದುತ್ತಾ ಅವ್ವನ ವಿಷಯ ಹೇಳುತ್ತಲೇ ಹೋದಳು. ನಾನು ಕಾಲು ಮಾಡುತ್ತಾ ಕೇಳಿದೆ. ಆಮೇಲೆ ಮೆಲ್ಲಗೆ, "ನಿಮ್ಮ ರಾಂಪುರದಾಗೆ ಹೆಂಗ್ ಮಾಡ್ತಾರೆ?" ಎಂದಳು.

"ಕೊಂಬಿಗೆ ಸುಣ್ಣ ಬಳೀತೀವಿ."

"ಹಂಗಾದ್ರೆ ಇನ್ನೊಂದು ಎತ್ತಿಗೆ ಬಳಿಯಾನ. ಜೋಡಿ ಆಗ್ತೈತೆ."

ಇವತ್ತೂ ಅವಳು ನನ್ನನ್ನು ಅವ್ವ ಎನ್ನಲಿಲ್ಲ. ಎನ್ನಬೇಕೆಂದು ನಾನೂ ಕಾಯಲಿಲ್ಲ. ಊಟವಾದ ಮೇಲೆ ಬಾಚಣಿಗೆ ಹಿಡಿದು ತಾನಾಗಿಯೇ ನನ್ನ ಮುಂದೆ ಬಂದು ಕೂತಳು. ಕೂದಲಿಗೆ ಮಣ್ಣು ಅಂಟಿತ್ತು. ಬೇಗ ಮುಗಿಯದಿರಲಿ ಎಂದು ನಿಧಾನವಾಗಿ ಬಾಚಿದೆ.