ಬಿಡಿಸಿಕೊಂಡ ಕೈ

ಲುಕೊಬೆ, ನ್ಜೊಯಾ ಹೊಳೆಯ ದಂಡೆ
ಅಕ್ಟೋಬರ್ 4, 2016

ಪ್ರೀತಿಯ ನೆಲಿಮಾಗೆ,

ಕಿಟಾಲೆಯಲ್ಲಿ ನೀನೂ ನಿನ್ನ ಅಣ್ಣನ ಮನೆಯವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ. ಕಾಗದದಲ್ಲಿ ಹಾಗೆ ಬರೆಯುವುದು ರೂಢಿ ಎಂದು ಬರೆದದ್ದಲ್ಲ, ನಿಜವಾಗಿಯೂ ಚೆನ್ನಾಗಿದ್ದೇನೆ. ಹೊಟ್ಟೆ ತುಂಬ ಉಣ್ಣುತ್ತೇನೆ, ಮಲಗಿದರೆ ನಿದ್ದೆ ಬರುತ್ತದೆ. ಹದಿನೈದು ತಿಂಗಳಿಂದ ಒಂದು ಸಾಲೂ ಬರೆಯದವನು ಈಗ ಇಷ್ಟುದ್ದ ಬರೆಯುತ್ತಿದ್ದಾನೆ, ಏನು ಕೇಳಲು ಹೊರಟನೋ ಎಂದು ನಿನಗೆ ಅನುಮಾನ ಬಂದೀತು. ವಾಪಸು ಬಾ ಎಂದು ಕೇಳಲು ಬರೆಯುತ್ತಿಲ್ಲ. ನೀನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಬಾಕಿ ಇತ್ತು, ಅದಕ್ಕೆ.

ನಿನಗೆ ನೆನಪಿರುತ್ತದೆ. ಕಳೆದ ವರ್ಷ ಜೂನ್‌ನಲ್ಲಿ ಅಂಗಳದಲ್ಲಿ ಕಾಳು ಆರಿಸುತ್ತಾ ಕುಳಿತವಳು ಇದ್ದಕ್ಕಿದ್ದಂತೆ ನನ್ನ ಕೈ ಎಳೆದುಕೊಂಡು ಕೇಳಿದೆ: "ಮಣಿಕಟ್ಟಿನ ಮೇಲೆ ಈ ಗುರುತು ಎಲ್ಲಿಂದ ಬಂತು ನಿಮಗೆ?" ದಂಡೆಯ ಅತ್ತಿಮರದ ಬೇರು ತರಚಿತು ಎಂದೆ. ನೀನು ಕೈಯನ್ನು ತಿರುಗಿಸಿ ನೋಡಿದೆ. ಒಂದು ಕಡೆ ನಾಲ್ಕು ಗೀರು, ಇನ್ನೊಂದು ಕಡೆ ಒಂದು. "ಬೇರಿಗೆ ಉಗುರಿರುತ್ತಾ?" ಎಂದು ಕೇಳಿ ಮತ್ತೆ ಕಾಳಿನ ಕಡೆ ತಿರುಗಿಕೊಂಡೆ. ನಾನು ಪ್ರಾರ್ಥನೆಗೆ ಹೊತ್ತಾಯಿತೆಂದು ಎದ್ದುಹೋದೆ. ಆ ದಿನ ಯಾವ ಪ್ರಾರ್ಥನೆಯೂ ಇರಲಿಲ್ಲ.

ಅದೇ ವರ್ಷ ಈಸ್ಟರಿನ ಹಿಂದಿನ ಶನಿವಾರ, ದೀಕ್ಷಾಸ್ನಾನದ ಹೊತ್ತಿಗೆ, ನಸಾಂಬು ಹೊಳೆಯಲ್ಲಿ ಕೊಚ್ಚಿಕೊಂಡು ಹೋದಾಗ ನೀನು ಮೇಲೆ ಚಪ್ಪರದಲ್ಲಿ ಅಡುಗೆಯವರ ಜೊತೆಗಿದ್ದೆ. ಕೆಳಗೆ ಏನಾಯಿತೆಂದು ನಿನಗೆ ನಾನು ಹೇಳಿದಷ್ಟೇ ಗೊತ್ತು, ನಾನು ಹೇಳಿದ್ದು ಸುಳ್ಳು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಅಂದು ನೀರು ಕೆಂಪಗಿತ್ತು. ಮೇಲೆ ಬೆಟ್ಟದಲ್ಲಿ ಮಳೆಯಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ, ನೋಡಿದರೆ ತಿಳಿಯುತ್ತಿತ್ತು. ಮರಳು ತೆಗೆಯುವ ಮುಲೊಂಗೊ ದೋಣಿಯನ್ನು ದಡಕ್ಕೆ ಎಳೆದು ಕಟ್ಟಿ, ನನ್ನ ಹತ್ತಿರ ಬಂದು ಟೋಪಿ ತೆಗೆದು ಹೇಳಿದ: "ಪಾಸ್ಟರೇ, ಇವತ್ತು ಬೇಡ. ನಾವೇ ಕೆಲಸ ನಿಲ್ಲಿಸಿದೀವಿ. ನೀರು ಏರ್ತಾ ಇದೆ." ನಾನು ಸುತ್ತಲಿದ್ದವರಿಗೆ ಕೇಳುವಂತೆ ಹೇಳಿದೆ: "ಹತ್ತೊಂಬತ್ತು ವರ್ಷದಿಂದ ಇದೇ ಹೊಳೆಯಲ್ಲಿ ನಿಂತಿದೀನಿ ಮುಲೊಂಗೊ. ನೀನು ಚರ್ಚಿಗೆ ಬಂದು ಎಷ್ಟು ವರ್ಷ ಆಯ್ತು?" ಎಲ್ಲರೂ ನಕ್ಕರು. ಅವನೂ ನಕ್ಕು, ಟೋಪಿ ಹಾಕಿಕೊಂಡು ಹೋದ. ನಮ್ಮ ಚರ್ಚಿನ ಮುಖ್ಯ ಸಭೆಯಿಂದ ಅತಿಥಿಗಳು ಬಂದಿದ್ದರು ನೋಡು. ಅವರ ಮುಂದೆ ದೀಕ್ಷಾಸ್ನಾನವನ್ನು ಮುಂದೂಡಿದರೆ ನನ್ನ ಮರ್ಯಾದೆ ಹೋಗುತ್ತದೆ ಎನಿಸಿತು.

ಪ್ರತಿವರ್ಷ ಅತ್ತಿಮರದಿಂದ ನೀರಿನೊಳಗಿನ ಗೂಟಕ್ಕೆ ಹಗ್ಗ ಕಟ್ಟುತ್ತಿದ್ದೆವು. ಆ ವರ್ಷ ಅತಿಥಿಗಳಿಗೆ ನೆರಳಾಗಲೆಂದು ಅದೇ ಹಗ್ಗವನ್ನು ಚಪ್ಪರಕ್ಕೆ ಕಟ್ಟಿದ್ದರು. ನೀರಿಗಿಳಿಯುವಾಗ ಹಗ್ಗದ ನೆನಪು ನನಗೆ ಬಂತು, ಮರೆತಿರಲಿಲ್ಲ. ತರಿಸಲು ಹೋದರೆ ಚಪ್ಪರ ಬಿಚ್ಚಬೇಕು, ಹೊತ್ತಾಗುತ್ತದೆ ಎಂದು ಸುಮ್ಮನಾದೆ.

ಹನ್ನೊಂದು ಜನ ಮುಳುಗಿ ಎದ್ದು ದಡ ಸೇರಿದರು. ನಸಾಂಬು ಹನ್ನೆರಡನೆಯವಳು. ಅವಳ ತಲೆ ಮುಳುಗಿಸಿ ಎತ್ತಿದೆ, ಅವಳು ಉಸಿರೆಳೆದುಕೊಂಡು ನಕ್ಕಳು, ಅಷ್ಟರಲ್ಲಿ ಮೇಲಿನಿಂದ ನೀರು ಬಂತು. ಇಬ್ಬರ ಕಾಲೂ ಎದ್ದುಹೋಯಿತು. ನನ್ನ ಬಲಗೈಗೆ ಅತ್ತಿಯ ಬೇರು ಸಿಕ್ಕಿತು. ನನ್ನ ಎಡಗೈಯನ್ನು ಅವಳು ಹಿಡಿದಿದ್ದಳು. ಇಬ್ಬರ ಭಾರಕ್ಕೆ ಬೇರು ಜಾರುತ್ತಿತ್ತು. ಜನರಿಗೆಲ್ಲ ನಾನು ಹೇಳಿದ್ದೇನೆಂದರೆ, ಹೊಳೆ ಅವಳನ್ನು ಕಿತ್ತುಕೊಂಡಿತು ಎಂದು. ನೆಲಿಮಾ, ಹೊಳೆ ಕಿತ್ತುಕೊಳ್ಳಲಿಲ್ಲ. ನಾನು ಕೈಯನ್ನು ತಿರುಚಿ, ಕೊಡವಿ, ಬಿಡಿಸಿಕೊಂಡೆ. ಅವಳು ಬಿಡಲಿಲ್ಲ, ಉಗುರು ಊರಿದಳು. ಮತ್ತೆ ಕೊಡವಿದೆ. ಆಗ ಹೋದಳು.

ನಿನ್ನ ಪ್ರಶ್ನೆಗೆ ಉತ್ತರ ಇದು.

ಮುಂದಿನದು ನಿನಗೆ ಅರ್ಧ ಗೊತ್ತು. ಮುಲೊಂಗೊ ಮತ್ತು ಅವನ ಜೊತೆಯವರು ದೋಣಿ ಬಿಚ್ಚಿ ಹೋಗಿ, ಹೊಳೆ ತಿರುಗುವ ಕಡೆ ಬಂಡೆಗಳ ಸಂದಿನಲ್ಲಿ ಕಾಲು ಸಿಕ್ಕಿಕೊಂಡಿದ್ದ ನಸಾಂಬುವನ್ನು ಎತ್ತಿ ತಂದರು. ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಸಂತೆಯಲ್ಲಿ ಚಹಾ ಮಾರಿ ಒಬ್ಬಳೇ ಮಗಳನ್ನು ಸಾಕುತ್ತಿದ್ದ ಹೆಂಗಸು. ಮರುದಿನ ಈಸ್ಟರ್. ನಾನು ಪೀಠದ ಮೇಲೆ ನಿಂತು, ದೇವರು ನಮ್ಮ ಸಹೋದರಿಯನ್ನು ಹೊಳೆಯ ಬಾಯಿಂದ ಕಿತ್ತು ಕೊಟ್ಟ ಎಂದೆ. ಜನ ಎದ್ದುನಿಂತು ಅತ್ತರು. ಮುಂದಿನ ವಾರಗಳಲ್ಲಿ ಎಲ್ಲೆಲ್ಲಿಂದಲೋ ಜನ ಬಂದರು, ಪವಾಡ ಕಂಡ ಸಭೆ ಎಂದು. ಕೂರಲು ಬೆಂಚು ಸಾಲಲಿಲ್ಲ. ನಸಾಂಬುವನ್ನು ಊರುಗೋಲಿನ ಸಮೇತ ಮುಂದಿನ ಸಾಲಿನಲ್ಲಿ ಕೂರಿಸಿದೆವು. ಇನ್ನೊಂದು ಕಡೆ, ಅವಳು ಯಾವುದೋ ಪಾಪವನ್ನು ಒಪ್ಪಿಕೊಳ್ಳದೆ ನೀರಿಗಿಳಿದಳು, ಅದಕ್ಕೇ ಕಾಲು ಹೋಯಿತು ಎಂದು ಸಭೆಯ ಹಿರಿಯ ಮಸಾಖಾ ಹೆಂಗಸರ ನಡುವೆ ಹೇಳಿಕೊಂಡು ಬಂದ. ನನ್ನ ಕಿವಿಗೂ ಬಿತ್ತು. ನಾನು ಅದನ್ನು ತಡೆಯಲಿಲ್ಲ. ತಡೆಯದಿದ್ದರೆ ನನಗೆ ಲಾಭವಿತ್ತು.

ಸರ್ಕಾರದ ಕಡೆಯ ಊರಿನ ಅಧಿಕಾರಿ ಚೀಫ್ ವಿಚಾರಣೆಗೆ ಕಾಗದ ಕೇಳಿದಾಗ, ಹಗ್ಗ ಕಟ್ಟಿತ್ತು, ನೀರಿನ ರಭಸಕ್ಕೆ ಹರಿಯಿತು ಎಂದು ಬರೆದುಕೊಟ್ಟೆ. ಹಿರಿಯರೆಲ್ಲ ಸಹಿ ಹಾಕಿದರು. ನಿನ್ನ ಮುಂದೆ ಪೆನ್ನು ಹಿಡಿದಾಗ ನೀನು ಹೇಳಿದ್ದು ಎರಡೇ ಮಾತು: "ಹಗ್ಗ ಚಪ್ಪರದಲ್ಲಿತ್ತು. ಗಂಟು ಹಾಕಿದ್ದು ನಾನೇ." ಮರುದಿನ ಬೆಳಿಗ್ಗೆ ನೀನು ಕಿಟಾಲೆಯ ಮಟಾಟು ವ್ಯಾನು ಹತ್ತಿದೆ. ನೀನು ಹೋದ ಮೇಲೆ ಜನರಿಗೆ, ಅಣ್ಣನಿಗೆ ಹುಷಾರಿಲ್ಲ, ನೋಡಿಕೊಳ್ಳಲು ಹೋಗಿದ್ದಾಳೆ ಎಂದೆ. ನಿನ್ನ ಅಣ್ಣ ಗಟ್ಟಿಮುಟ್ಟಾಗಿದ್ದಾನೆಂದು ಇಡೀ ಊರಿಗೆ ಗೊತ್ತಿತ್ತು.

ಈ ವರ್ಷ ಈಸ್ಟರ್ ಹತ್ತಿರ ಬಂತು. ಕಳೆದ ವರ್ಷದ ಪವಾಡದ ಹೆಸರಿನಲ್ಲಿ ಅರವತ್ತು ಜನ ದೀಕ್ಷಾಸ್ನಾನಕ್ಕೆ ಹೆಸರು ಕೊಟ್ಟಿದ್ದರು. ಮಸಾಖಾ ಪಟ್ಟಿ ತಂದುಕೊಟ್ಟ. ಅದರಲ್ಲಿ ನಸಾಂಬುವಿನ ಮಗಳು ನಬ್ವಿಲೆಯ ಹೆಸರಿತ್ತು. ಹದಿನಾಲ್ಕು ವರ್ಷದ ಹುಡುಗಿ.

ಅದರ ಮರುದಿನ ಮಧ್ಯಾಹ್ನ ನಸಾಂಬು ನಮ್ಮ ಮನೆಗೆ ಬಂದಳು. ಊರುಗೋಲನ್ನು ಗೋಡೆಗೆ ಒರಗಿಸಿ, ನೀನು ಕೂರುತ್ತಿದ್ದ ಮಣೆಯ ಮೇಲೆ ಕುಳಿತಳು. ನೀರು ಕೊಟ್ಟೆ, ಕುಡಿದಳು. ಬಿಸಿಲಿನ ಬಗ್ಗೆ, ಸಕ್ಕರೆ ತುಟ್ಟಿಯಾದದ್ದರ ಬಗ್ಗೆ ಮಾತಾಡಿದಳು. ಆಮೇಲೆ ಸಹಜವಾಗಿ ಕೇಳಿದಳು: "ಪಾಸ್ಟರೇ, ನನ್ನ ಮಗಳನ್ನ ಈ ಸಲ ನೀರಿಗಿಳಿಸ್ತೀರಂತೆ. ಒಂದೇ ಒಂದು ಕೇಳಬೇಕಿತ್ತು. ಇವಳ ಕೈನೂ ಬಿಡಿಸ್ಕೊಳ್ತೀರಾ?"

ಅವಳಿಗೆ ಏನೂ ನೆನಪಿಲ್ಲ ಎಂದೇ ಒಂದು ವರ್ಷ ಬದುಕಿದ್ದೆ. ಎಲ್ಲಾ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. "ಹೇಳಿದ್ರೆ ಯಾರು ನಂಬ್ತಿದ್ರು? ನೀವು ದೇವರ ಮನುಷ್ಯ. ನಾನು ಪಾಪ ಮುಚ್ಚಿಟ್ಟು ಕಾಲು ಕಳಕೊಂಡವಳು. ಮನೆಗೆ ಜೋಳದ ಹಿಟ್ಟು ತಂದುಕೊಡ್ತಾ ಇದ್ದದ್ದು ನಿಮ್ಮ ಸಭೆಯ ಹೆಂಗಸರೇ. ಬಾಯಿ ಬಿಟ್ಟಿದ್ರೆ ಅದೂ ನಿಲ್ತಿತ್ತು," ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಏಳುವಾಗ ನಾನು ಕೈ ಕೊಡಲು ಹೋದೆ. ಅವಳು ಅದನ್ನು ನೋಡಿ, ಗೋಡೆ ಹಿಡಿದುಕೊಂಡು ಎದ್ದಳು.

ಈ ವರ್ಷ ಆ ಶನಿವಾರ ಹೊಳೆ ತಿಳಿಯಾಗಿತ್ತು ನೆಲಿಮಾ. ಮಳೆ ಬಂದಿರಲಿಲ್ಲ. ಮೊಣಕಾಲಿನವರೆಗೆ ನೀರು, ತಳದ ಕಲ್ಲು ಕಾಣುತ್ತಿತ್ತು. ಈ ಸಲ ಹಗ್ಗವನ್ನೂ ಕಟ್ಟಿದ್ದರು. ಅರವತ್ತು ಜನರನ್ನೂ ಮುಳುಗಿಸಿ ಎತ್ತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ, ನನ್ನ ಹೆಸರು ಇನ್ನಷ್ಟು ದೊಡ್ಡದಾಗುತ್ತಿತ್ತು. ಬಿಳಿ ಬಟ್ಟೆಯ ಸಾಲು ದಡದುದ್ದಕ್ಕೂ ನಿಂತಿತ್ತು. ನಬ್ವಿಲೆ ಮೂರನೆಯವಳು, ಚಳಿಗೋ ಭಯಕ್ಕೋ ಕೈ ಕಟ್ಟಿಕೊಂಡಿದ್ದಳು. ನಾನು ನೀರಿಗೆ ಕಾಲಿಡದೆ ಅತ್ತಿಮರದ ಕೆಳಗೆ ನಿಂತು, ಇವತ್ತು ಸ್ನಾನ ಇಲ್ಲ ಎಂದೆ. ಕಳೆದ ವರ್ಷ ಹಗ್ಗ ಕಟ್ಟಿರಲಿಲ್ಲ ಎಂದೆ. ಮುಲೊಂಗೊ ಬೇಡ ಅಂದಿದ್ದ, ನಾನು ಅವನನ್ನು ನಗೆಪಾಟಲು ಮಾಡಿದೆ ಎಂದೆ. ಮಸಾಖಾ ಓಡಿಬಂದು ನನ್ನ ತೋಳು ಹಿಡಿದ: "ಬಿಸಿಲು ತಲೆಗೇರಿದೆ ಪಾಸ್ಟರಿಗೆ. ಕೂತ್ಕೊಳ್ಳಿ, ಕೂತ್ಕೊಳ್ಳಿ." ಹಾಡುವವರಿಗೆ ಸನ್ನೆ ಮಾಡಿದ. ಅವರು ಡೋಲು ಬಾರಿಸಿ ಹಾಡತೊಡಗಿದರು. ನನ್ನ ಮಾತು ನನಗೇ ಕೇಳದಂತಾಯಿತು. ಆಗ ಮುದುಕಿ ಖಕಾಸಾ, ಆ ಕಿವಿ ಮಂದವಾದವಳು, ಕೋಲೆತ್ತಿ ಕೂಗಿದಳು: "ಏ, ನಿಲ್ಲಿಸ್ರೋ ನಿಮ್ಮ ಡೋಲು! ಮೊದಲೇ ನಂಗೆ ಕಿವಿ ಕೇಳಲ್ಲ. ಮನುಷ್ಯ ಏನೋ ಹೇಳ್ತಾ ಇದಾನೆ, ಕೇಳೋಣ!"

ಹಾಡು ನಿಂತಿತು. ಉಳಿದದ್ದನ್ನು ಹೇಳಿದೆ. ಕೈ ಬಿಡಿಸಿಕೊಂಡದ್ದನ್ನು. ನಿಲುವಂಗಿಯ ತೋಳು ಮಡಚಿ ಮಣಿಕಟ್ಟು ತೋರಿಸಿದೆ. ನಸಾಂಬು ಒಪ್ಪಿಕೊಳ್ಳದ ಪಾಪ ಯಾವುದೂ ಇರಲಿಲ್ಲ, ಒಪ್ಪಿಕೊಳ್ಳದವನು ನಾನು ಎಂದೆ.

ಯಾರೋ ಥೂ ಎಂದರು. ಒಬ್ಬ ಹೆಂಗಸು ಮೇಲೆ ತೊಟ್ಟಿದ್ದ ಬಿಳಿ ಬಟ್ಟೆಯನ್ನು ಅಲ್ಲೇ ಬಿಚ್ಚಿ ಹುಲ್ಲಿನ ಮೇಲೆ ಎಸೆದು ನಡೆದಳು. ಮುಲೊಂಗೊನ ಹತ್ತಿರ ಹೋಗಿ, ಅವಳನ್ನು ಉಳಿಸಿದವನು ನೀನು, ಆ ಮಾತನ್ನು ಒಂದು ವರ್ಷ ಯಾರೂ ಹೇಳಲಿಲ್ಲ ಎಂದೆ. ಅವನು ಟೋಪಿ ಸರಿಮಾಡಿಕೊಂಡು ಹೇಳಿದ: "ನಾನು ಹೊಳೇಲಿ ಮರಳು ಹುಡುಕೋನು ಪಾಸ್ಟರೇ. ಆವತ್ತು ನಿಮ್ಮ ಪವಾಡ ಸಿಕ್ತು." ಇಷ್ಟು ಜನರ ನಡುವೆ ನಕ್ಕವರು ನಾವಿಬ್ಬರೇ.

ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದೆ, ಒದ್ದೆಯಾಗದ ಬಿಳಿ ನಿಲುವಂಗಿಯಲ್ಲೇ. ಅಲ್ಲಿದ್ದವನು ಯಾರು ಸತ್ತಿದ್ದಾರೆ ಎಂದು ಕೇಳಿದ. ಯಾರೂ ಸತ್ತಿಲ್ಲ ಎಂದೆ. "ಹಾಗಾದ್ರೆ ಮನೆಗೆ ಹೋಗಿ ಊಟ ಮಾಡಿ ಪಾಸ್ಟರೇ," ಎಂದ. ಸುಳ್ಳು ಹೇಳಿಕೆ ಕೊಟ್ಟಿದ್ದೇನೆ, ಬದಲಾಯಿಸಬೇಕು ಎಂದರೆ ಅವನಿಗೆ ಅರ್ಥವೇ ಆಗಲಿಲ್ಲ. ಹೇಳಿಕೆ ಬದಲಾಯಿಸಲು ಬರುವವರೆಲ್ಲ ನಿಜವನ್ನು ಸುಳ್ಳು ಮಾಡಲು ಬರುತ್ತಾರಂತೆ. ಮೂರು ಸಲ ಓಡಾಡಿದ ಮೇಲೆ ಬರೆದುಕೊಂಡರು.

ಜುಲೈ ಕೊನೆಯಲ್ಲಿ ತೀರ್ಪಾಯಿತು. ನ್ಯಾಯಾಧೀಶೆ ಚಿಕ್ಕ ವಯಸ್ಸಿನವರು, ಕನ್ನಡಕ ಮೂಗಿನ ತುದಿಯಲ್ಲಿಟ್ಟುಕೊಂಡು ಮಾತಾಡುತ್ತಾರೆ. ನಸಾಂಬುವನ್ನು ಕರೆದು, ಈತನನ್ನು ಕ್ಷಮಿಸುತ್ತೀರಾ ಎಂದು ಕೇಳಿದರು. ಮಸಾಖಾ ಹಿಂದಿನ ಬೆಂಚಿನಿಂದ ಗಟ್ಟಿಯಾಗಿ ಆಮೆನ್ ಎಂದ. ನಸಾಂಬು ಅವನ ಕಡೆ ಒಮ್ಮೆ ತಿರುಗಿ ನೋಡಿ, ನ್ಯಾಯಾಧೀಶೆಗೆ ಹೇಳಿದಳು: "ಕ್ಷಮಿಸೋದು ಆಮೇಲೆ ನೋಡ್ಕೊಳ್ತೀನಮ್ಮಾ. ಮೊದಲು ಇವರು ಹೇಳಿದ್ದು ನಿಜ ಅಂತ ಬರ್ಕೊಳ್ಳಿ." ಬರೆದುಕೊಂಡರು. ಅವರ ಪೆನ್ನು ಓಡುವುದನ್ನೇ ಅವಳು ನೋಡುತ್ತಾ ನಿಂತಿದ್ದಳು, ಪೆನ್ನು ನಿಂತ ಮೇಲೆ ಕುಳಿತಳು.

ನನ್ನನ್ನು ಜೈಲಿಗೆ ಕಳಿಸಲಿಲ್ಲ. ಎರಡು ವರ್ಷ ನಿಗಾದಲ್ಲಿರಬೇಕು, ವಾರಕ್ಕೆ ಮೂರು ದಿನ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಬೇಕು, ನಸಾಂಬುವಿನ ಕೃತಕ ಕಾಲಿನ ಖರ್ಚು ನನ್ನದು. ಅದಕ್ಕೆ ಮೋಟರ್ ಸೈಕಲ್ ಮಾರಿದೆ. ಸಹಿ ಹಾಕಿದ ಹಿರಿಯರಿಗೂ ಛೀಮಾರಿಯಾಯಿತು. ಮುಖ್ಯ ಸಭೆಯವರು ನನ್ನನ್ನು ಪಾಸ್ಟರ್ ಕೆಲಸದಿಂದ ತೆಗೆದು ಕಾಗದ ಕಳಿಸಿದ್ದಾರೆ. ತಲೆಯ ಮೇಲಿನ ಹೊರೆಯನ್ನು ಇನ್ನೊಬ್ಬರು ಹಿಡಿದು ಇಳಿಸಿದಾಗ ಕತ್ತು ತಾನಾಗಿ ಮೇಲೇಳುತ್ತದಲ್ಲ, ಆ ಕಾಗದ ಓದುವಾಗ ನನಗೆ ಹಾಗಾಯಿತು. ನಾಚಿಕೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹಗುರವೇ ಹೆಚ್ಚು.

ಈಗ ಸಭೆಗೆ ಹೆಣ್ಣು ಪಾಸ್ಟರ್ ಬಂದಿದ್ದಾರೆ. ಚರ್ಚಿನ ಹಿಂದೆ ಸಿಮೆಂಟಿನ ತೊಟ್ಟಿ ಕಟ್ಟಿಸಿದ್ದಾರೆ, ಸೊಂಟದ ಮಟ್ಟ ನೀರು, ಹಿಡಿದುಕೊಳ್ಳಲು ಕಂಬಿ, ಪಕ್ಕದಲ್ಲಿ ಆರೋಗ್ಯ ಕೇಂದ್ರದ ನರ್ಸ್. ಮೊನ್ನೆ ಭಾನುವಾರ ನಬ್ವಿಲೆಗೆ ದೀಕ್ಷೆಯಾಯಿತು. ನಾನು ಹೊರಗೆ ಬೇಲಿಯ ಹತ್ತಿರ ನಿಂತು ನೋಡಿದೆ. ಮೂಗಿಗೆ ನೀರು ಹೋಗಿ ಸೀನಿದಳು, ಎಲ್ಲರೂ ನಕ್ಕರು. ನಸಾಂಬು ಹೊಸ ಕಾಲಿನಲ್ಲಿ ನಿಂತೇ ನೋಡಿದಳು. ಕಾಲು ಕಚ್ಚುತ್ತದೆ, ಬೆವರುತ್ತದೆ, ಈ ಮರದ ಕೊರಡಿಗಿಂತ ಕೋಲೇ ವಾಸಿ ಎಂದು ಬೈಯುತ್ತಾಳೆ. ಬೈಯುತ್ತಲೇ ಚಹಾ ಹಂಚುತ್ತಾಳೆ. ನನಗೂ ಕೊಡುತ್ತಾಳೆ, ಉಳಿದವರಿಗೆ ಕೊಟ್ಟಂತೆಯೇ, ಮುಖ ನೋಡದೆ.

ನಿನ್ನನ್ನು ಬಾ ಎನ್ನುವುದಿಲ್ಲ ಎಂದು ಮೊದಲೇ ಬರೆದೆ. ಆ ದಿನ ಕಾಳಿನ ಮೊರದ ಮುಂದೆ ನಿಜ ಹೇಳಿದ್ದರೆ ನೀನು ಉಳಿಯುತ್ತಿದ್ದೆಯೋ ಏನೋ, ಅದನ್ನು ಕೇಳುವ ಹಕ್ಕೂ ನನಗಿಲ್ಲ. ನಿನ್ನ ಕೋಳಿಗಳು ಚೆನ್ನಾಗಿವೆ. ಅಣ್ಣನಿಗೆ ನನ್ನ ನಮಸ್ಕಾರ ಹೇಳು, ಅವನನ್ನು ಸುಳ್ಳುಸುಳ್ಳೇ ರೋಗಿ ಮಾಡಿದ್ದಕ್ಕೆ ಕ್ಷಮಿಸಲಿ.

ನಿನ್ನ
ಕುಸಿಂಬಾ

ತಾ.ಕ.: ನ್ಯಾಯಾಲಯದಲ್ಲಿ ಯಾರೂ ಕೇಳದ್ದು ಒಂದಿದೆ. ದೋಣಿ ಹೋಗಿ ಹಿಂದಿರುಗುವವರೆಗೆ ನಾನು ದಡದಲ್ಲಿ ಮಂಡಿಯೂರಿ ಗಟ್ಟಿಯಾಗಿ ಪ್ರಾರ್ಥಿಸಿದೆನಲ್ಲ, ನೀನೂ ಚಪ್ಪರದಿಂದ ಓಡಿಬಂದು ಪಕ್ಕದಲ್ಲಿ ಮಂಡಿಯೂರಿದೆ. ನಾನು ಬಾಯಲ್ಲಿ ಅವಳನ್ನು ಉಳಿಸು ಎನ್ನುತ್ತಿದ್ದೆ. ಒಳಗೆ, ಅವಳು ಸಿಗದಿರಲಿ, ಸಿಕ್ಕರೂ ಮಾತಾಡದಿರಲಿ ಎಂದು ಬೇಡುತ್ತಿದ್ದೆ. ದೇವರು ನನ್ನ ಪ್ರಾರ್ಥನೆ ಕೇಳಲಿಲ್ಲ, ನಿನ್ನದನ್ನು ಕೇಳಿದ. ಅದಕ್ಕಾಗಿ ಅವನಿಗೆ ದಿನವೂ ವಂದನೆ ಹೇಳುತ್ತೇನೆ.