ಜಾವಾ ಸರಿ ಮಾಡಾಕರ ಬರ್ರಿ

ಇಟ್ಟಿಗಿ,
ಶನಿವಾರ

ಅಳಿಯಂದ್ರು ಭೀಮರಾಜರಿಗೆ,

ನೀವು ಫೋನ್ ಎತ್ತವಲ್ರಿ. ಅದಕ್ಕ ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಕೈಯಾಗ ಈ ಚೀಟಿ ಕಳಿಸಾಕತ್ತೀನಿ. ಟಿಕೆಟ್ ಕೇಳಿದ್ರ, ಚೀಟಿ ನಿಂತ್ಕೊಂಡ ಬರತೈತಿ ಅಂತೀನಿ.

ನನ್ನ ಮಗಳು ರೇಖಾ ಪ್ರೋಗ್ರಾಮ್ ಬರಿಯೋ ಸಾಫ್ಟ್‌ವೇರ್ ತೆರಕೊಳ್ಳವಲ್ದು. ಅದು ಯಾವ ಜಾವಾ ಮ್ಯಾಲ ಓಡಬೇಕು ಅನ್ನೋ ಸೆಟ್ಟಿಂಗಿನ್ಯಾಗ ತಪ್ಪಿ ಹಳೇ ಜಾವಾ ಆರಿಸ್ಯಾಳ. ತಿದ್ದಬೇಕಂದ್ರ ಆ ಸೆಟ್ಟಿಂಗು ಸಾಫ್ಟ್‌ವೇರ್ ಒಳಗ ಐತಂತ. ಕೀಲಿ ಒಳಗ, ನಾವು ಹೊರಗ. ನಾನು ಪಂಕ್ಚರ್ ಹಾಕಾಂವ, 'ಗಾಳಿ ಹೊಡದು ನೋಡ್ಲೇನವ್ವಾ' ಅಂದೆ. ನೀವಿದ್ದಾಗ ಇಂಥಾದಕ್ಕ ನಗತಿದ್ಲು.

ಸೋಮವಾರ ಕೆಲಸ ಒಪ್ಪಿಸದಿದ್ರ ಕಂಪನಿಯೋರು ಆಕಿನ್ನ ಕೆಲಸದಿಂದ ಬಿಡಿಸ್ತಾರಂತ. ಹೊರಗಿಂದ ಸರಿ ಮಾಡೋದು ನಿಮಗ ಗೊತ್ತೈತಂತ. ನಿಮ್ಮಿಬ್ಬರ ಜಗಳದ ಮಾತು ನಾ ಎತ್ತಂಗಿಲ್ರಿ. ಜಾವಾ ಸರಿ ಮಾಡಾಕರ ಬರ್ರಿ. ಬಿಸಿ ರೊಟ್ಟಿ ಉಂಡು ಹೋಗ್ರಿ, ಹೋಗಾಕ ಮನಸ್ಸಿದ್ರ.

ನಾ ಚೀಟಿ ಬರದದ್ದು ಆಕಿಗಿ ಗೊತ್ತಿಲ್ಲ. ನಿನ್ನೆ ನಾನು, 'ಹಡಗಲಿ ಕಂಪ್ಯೂಟರ್ ಅಂಗಡ್ಯಾಗ ಎಲ್ಲಾ ಅಳಿಸಿ ಹೊಸದಾಗಿ ಹಾಕಿಸ್ಕೊಂಡು ಬರ್ತೀನಿ, ಕೊಡವ್ವಾ' ಅಂದೆ. ಲ್ಯಾಪ್‌ಟಾಪ್ ಎದಿಗಿ ಅವಚಿಕೊಂಡು, 'ಬ್ಯಾಡಪ್ಪಾ, ಅದು ಅವರು ಕುಂತು ಹಾಕಿಕೊಟ್ಟಿದ್ದು' ಅಂದ್ಲು.

ಅದಕ್ಕ ನಂಗ ಯಾವ ಜೋಕೂ ಹೊಳಿಲಿಲ್ರಿ.

ನಿಮ್ಮ ಮಾವ,
ಪಂಕ್ಚರ್ ಸೋಮಪ್ಪ