ದಿಣ್ಣೆಯ ಮೇಲೆ ಸಿಕ್ಕ ಕಬ್ಬಿಣದ ಮೀನು

ಸಸೆಕ್ಸ್,
ಭಾನುವಾರ, ೧೭ ಜೂನ್ ೧೯೫೬

ನನ್ನ ಮುದ್ದು ಬೆರಿಲ್,

ಹಿಲರಿ ಚೆನ್ನಾಗಿದ್ದಾಳೆ. ಈ ಮಾತನ್ನು ಎರಡು ಸಲ ಓದಿಕೊಂಡು ಆಮೇಲೆ ಮುಂದಕ್ಕೆ ಹೋಗು. ಹಸಿ ಬಾಣಂತಿಗೆ ಇಂಥದ್ದನ್ನು ಬರೆಯಬಾರದು, ಗೊತ್ತು. ಆದರೆ ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವುದು ಬೇಡ.

ನಿನ್ನೆ ಅವಳನ್ನು ವಿಂಡಲ್ ದಿಣ್ಣೆಯ ರಕ್ಷಿತ ಹುಲ್ಲುಗಾವಲಿಗೆ ಕರೆದೊಯ್ದಿದ್ದೆ. ಜೇನುನೊಣದಂಥ ಆರ್ಕಿಡ್ ಹೂ ನೋಡಬೇಕೆಂದು ವಾರದಿಂದ ನನ್ನ ಪ್ರಾಣ ತಿಂದಿದ್ದಳು. ಯುದ್ಧಕಾಲದಲ್ಲಿ ಸೈನ್ಯದವರು ಅಭ್ಯಾಸ ಮಾಡುತ್ತಿದ್ದ ಭಾಗಕ್ಕೆ ಇನ್ನೂ ತಂತಿಬೇಲಿ ಇದೆ. ನಾವು ಕಾಲುದಾರಿ ಬಿಟ್ಟು ಕದಲಲಿಲ್ಲ. ಬುತ್ತಿ ತಿಂದು ಮುಗಿಸಿದ್ದೆವು. ಹಿಲರಿ ಲಂಗದ ಮಡಿಲಲ್ಲಿ ಏನನ್ನೋ ಹೊತ್ತು ಕುಣಿಯುತ್ತಾ ಬಂದಳು.

“ಅಜ್ಜಿ, ನೋಡು, ಕಬ್ಬಿಣದ ಮೀನು! ದಾರೀಲೇ ಬಿದ್ದಿತ್ತು!”

ತುಕ್ಕು ಹಿಡಿದ ಮೈ, ಬಾಲಕ್ಕೆ ರೆಕ್ಕೆ. ಬಾಂಬು, ಬೆರಿಲ್.

“ನಂಗೆ ಕೊಡು ಚಿನ್ನ. ನಿಧಾನ. ಮಲಗಿರೋ ಪಾಪೂನ ಎತ್ತಿಕೊಟ್ಟ ಹಾಗೆ,” ಎಂದೆ. ಕೊಟ್ಟಳು. “ಈಗ ಕಾವಲಿನ ಗ್ಯಾಡ್ ಮಾಮನ ಹತ್ರ ಓಡು. ತಿರುಗಿ ನೋಡ್ಬೇಡ.”

“ಯಾಕಜ್ಜಿ, ನೀನು ಬರಲ್ವಾ?”

“ಓಡು ಅಂದ್ನಲ್ಲ!”

ಅಳುತ್ತಾ ಓಡಿದಳು. ನನ್ನ ಮಂಡಿ ನಿನಗೆ ಗೊತ್ತಲ್ಲ, ಬಗ್ಗಿ ಅದನ್ನು ನೆಲಕ್ಕಿಡುವ ಧೈರ್ಯ ಬರಲಿಲ್ಲ. ಎದೆಗವಚಿಕೊಂಡು ನಿಂತೆ. ಬೆವರಿಗೆ ಬೆರಳು ಜಾರುತ್ತಿತ್ತು. ಬಹಳ ಹೊತ್ತಿನ ಮೇಲೆ ದೂರದಿಂದ ಗ್ಯಾಡ್ ಕೂಗಿದ:

“ಅಲ್ಲಾಡ್ಬೇಡಿ ತಾಯಿ! ಸೈನ್ಯದವ್ರಿಗೆ ಫೋನ್ ಮಾಡಿದೀನಿ!”

“ಸೀನು ಬರ್ತಿದೆ ಕಣಪ್ಪಾ!”

“ದಮ್ಮಯ್ಯ, ಸೀನ್ಬೇಡಿ!”

ಸೀನಲಿಲ್ಲ. ಒಂದು ಗಂಟೆಯ ಮೇಲೆ ಬಂದ ಸೈನಿಕ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ತೆಗೆದುಕೊಂಡ. ಸಂಜೆ ಹಳೆಯ ಸುಣ್ಣಕಲ್ಲಿನ ಗುಂಡಿಯಲ್ಲಿ ಸಿಡಿಸಿದರು. ಎರಡು ಮೈಲಿ ಆಚೆ ನಮ್ಮ ಅಡುಗೆಮನೆಯ ಗಾಜು ಗಡಗಡ ಅಂತು. ಹಿಲರಿ ನನ್ನ ಸೊಂಟ ತಬ್ಬಿಕೊಂಡಳು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಕುಣಿದದ್ದು ನೆನಪಾಗಿ ನಾನು ಅವಳ ಲಂಗಕ್ಕೆ ಅಂಟಿದ್ದ ತುಕ್ಕಿನ ಕಲೆಯನ್ನು ಉಜ್ಜುತ್ತಲೇ ಇದ್ದೆ.

ಪುಟ್ಟ ಕಂದನಿಗೆ ಮುತ್ತು.

ನಿನ್ನ ಅಮ್ಮ,
ಹೆಸ್ಟರ್

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಅದು ದಾರಿಯಲ್ಲಿ ಬಿದ್ದಿರಲಿಲ್ಲ. ಊಟವಾದ ಮೇಲೆ ಬಿಸಿಲಿಗೆ ನನಗೆ ನಿದ್ದೆ ಹತ್ತಿತ್ತು, ಬೆರಿಲ್. ಎಚ್ಚರವಾದಾಗ ಮಗು ಬೇಲಿಯ ಆಚೆಯಿಂದ ನುಸುಳಿ ಬರುತ್ತಿತ್ತು. “ದಾರೀಲೇ ಬಿದ್ದಿತ್ತು” ಎಂಬ ಮಾತು ಅವಳದಲ್ಲ. ಅಮ್ಮನಿಗೆ ಹಾಗೆ ಹೇಳೆಂದು ರಾತ್ರಿ ನಾನೇ ಹೇಳಿಕೊಟ್ಟೆ. ಅದಕ್ಕವಳು, “ಅಮ್ಮ ನಿಂಗೆ ಬೈತಾಳಾ ಅಜ್ಜಿ?” ಎಂದು ಕೇಳಿದಳು. ಇನ್ನು ಮುಂದೆ ಅವಳನ್ನು ನನ್ನ ಬಳಿ ಬಿಡುವುದೋ ಬೇಡವೋ, ನೀನೇ ಹೇಳು.